ಸೇವೆಗೆ ಸಂಬಂಧವಿಲ್ಲ

ಕಾಯಿಲೆಯ ಕಾರಣಕ್ಕೆ ಸೈನಿಕನನ್ನು ಮನೆಗೆ ಕಳಿಸುವ ಮುಂಚೆ ಸೇನೆಯ ವೈದ್ಯಕೀಯ ಮಂಡಳಿ ಒಂದು ಫಾರಂ ತುಂಬುತ್ತದೆ. ಎಎಫ್‌ಎಂಎಸ್‌ಎಫ್-16 ಎಂದು ಅದರ ಹೆಸರು. ಅದರಲ್ಲಿ ಎಷ್ಟೋ ಪುಟಗಳಿದ್ದರೂ ಆ ಸೈನಿಕನ ಮುಂದಿನ ಬಾಳು ನಿಂತಿರುವುದು ಮೂರು ಪ್ರಶ್ನೆಗಳ ಮೇಲೆ. ಈ ಕಾಯಿಲೆ ಸೇವೆಯಿಂದ ಬಂದಿತೆ? ಸೇವೆಯಿಂದ ಉಲ್ಬಣಿಸಿತೆ? ಅಥವಾ ಸೇವೆಗೂ ಇದಕ್ಕೂ ಸಂಬಂಧವೇ ಇಲ್ಲವೆ? 2003ರಲ್ಲಿ ನನ್ನ ಫಾರಂನಲ್ಲಿ ಮೊದಲೆರಡಕ್ಕೆ ಇಲ್ಲ ಎಂದೂ ಮೂರನೆಯದಕ್ಕೆ ಹೌದು ಎಂದೂ ಬರೆದರು. ಕಾರಣ ಬರೆಯಬೇಕಾದ ಜಾಗದಲ್ಲಿ, ಇದು ಈತನ ದೇಹಪ್ರಕೃತಿಯಿಂದಲೇ ಬಂದ ಕಾಯಿಲೆ ಎಂಬರ್ಥದ ಒಂದು ಸಾಲು. ಆ ಒಂದು ಸಾಲನ್ನು ತಿದ್ದಿಸಲು 2016ರವರೆಗೆ ಬಡಿದಾಡಿದೆ. ಅಮೆರಿಕದ ಸೈನ್ಯದಲ್ಲಿ ಬಿಡುಗಡೆ ಕಾಗದಕ್ಕೇ ದರ್ಜೆಗಳಿವೆಯಂತೆ, ದರ್ಜೆ ಏರಿಸಿಕೊಡಿ ಎಂದು ಕೇಳಲು ಪರಿಶೀಲನಾ ಮಂಡಳಿಗಳೂ ಇವೆಯಂತೆ. ನಮ್ಮಲ್ಲಿ ಹಾಗಿಲ್ಲ. ನನ್ನ ಡಿಸ್ಚಾರ್ಜ್ ಪುಸ್ತಕದಲ್ಲಿ ನಡತೆಯ ಕಲಂ ಎದುರು ಒಳ್ಳೆಯ ಮಾತೇ ಇತ್ತು. ನಮ್ಮಲ್ಲಿ ಎಲ್ಲವೂ ನಿಂತಿರುವುದು ಕಾರಣದ ಕಲಂ ಮೇಲೆ.

ನಮ್ಮದು ಬೈಲಹೊಂಗಲ ಸೀಮೆ. ಸಂಗೊಳ್ಳಿ ರಾಯಣ್ಣನ ಹೆಸರು ಕೇಳುತ್ತಲೇ ಬೆಳೆಯುವ ಊರುಗಳು. ಪ್ರತಿ ಓಣಿಯಲ್ಲೂ ಒಬ್ಬರೋ ಇಬ್ಬರೋ ಮಿಲ್ಟ್ರಿಯವರು ಇರುತ್ತಾರೆ. ರಜೆಗೆ ಬಂದಾಗ ಬೆಳ್ಳಂಬೆಳಗ್ಗೆ ಕೆರೆ ಏರಿ ಮೇಲೆ ಓಡುತ್ತಾರೆ, ಅವರ ಹಿಂದೆ ನಮ್ಮಂಥ ಹುಡುಗರ ಹಿಂಡು ಓಡುತ್ತದೆ. 1998ರಲ್ಲಿ ಬೆಳಗಾವಿಯಲ್ಲಿ ನಡೆದ ಭರ್ತಿಗೆ ನಾನು ಹೋದದ್ದು ಹಾಗೆ ಓಡಿದ ಕಾಲಿನ ಭರವಸೆಯ ಮೇಲೆಯೇ. ಒಂದೂ ಮುಕ್ಕಾಲು ಕಿಲೋಮೀಟರಿಗೆ ತುಸು ಕಡಿಮೆಯ ಓಟ, ಬೀಮ್ ಎಳೆಯುವುದು, ಒಂಬತ್ತು ಅಡಿ ಗುಂಡಿ ಜಿಗಿಯುವುದು, ವಂಕಿಯಾಗಿ ಇಟ್ಟ ಮರದ ತೊಲೆ ಮೇಲೆ ನಡೆಯುವುದು. ಇದೆಲ್ಲ ದಾಟಿದ ಮೇಲೆ ಮೆಡಿಕಲ್.

ಆ ತಪಾಸಣೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಹದಿನೆಂಟು ವರ್ಷಗಳ ನಂತರ ನನ್ನ ಕೈ ಹಿಡಿದದ್ದು ಅದೇ. ಚಡ್ಡಿಯ ಮೇಲೆ ಸಾಲಾಗಿ ನಿಲ್ಲಿಸಿದರು. ಮೊಣಕಾಲು ಕೂಡುತ್ತವೋ, ಪಾದ ಚಪ್ಪಟೆಯೋ, ಎದೆ ಐದು ಸೆಂಟಿಮೀಟರ್ ಉಬ್ಬುತ್ತದೋ ಇಲ್ಲವೋ ನೋಡಿದರು. ಹಲ್ಲು ಎಣಿಸಿದರು. ಕಿವಿಯಲ್ಲಿ ಗುಗ್ಗೆ ಇದ್ದ ಹುಡುಗನನ್ನು ತೊಳೆಸಿಕೊಂಡು ಬಾ ಎಂದು ಕಳಿಸಿದರು. ನನ್ನ ಮುಂದಿದ್ದ ಗೋಕಾಕದ ಹುಡುಗ ಓಟದಲ್ಲಿ ಮೊದಲು ಬಂದವನು, ಚಪ್ಪಟೆ ಪಾದ ಎಂದು ಅಲ್ಲೇ ಹೊರಬಿದ್ದ. ಅವನು ಅಂಗಿ ಹಾಕಿಕೊಳ್ಳಲೂ ಮರೆತು ಬೇಲಿ ಕಡೆ ನಡೆದು ಹೋದ. ಕೊನೆಗೆ ಡಾಕ್ಟರು ಒಂದೊಂದೇ ಕೇಳುತ್ತ ಬಂದರು. ಅಸ್ತಮಾ? ಕ್ಷಯ? ಫಿಟ್ಸ್? ಮನೆಯಲ್ಲಿ ಯಾರಿಗಾದರೂ? ಎಲ್ಲಕ್ಕೂ ಇಲ್ಲ ಎಂದೆ. ಇರಲೂ ಇಲ್ಲ. ಅದನ್ನೇ ಬರೆದುಕೊಂಡು ಸಹಿ ಹಾಕಿಸಿಕೊಂಡರು, ಕೆಳಗೆ ಫಿಟ್ ಎಂದು ಬರೆದು ತಮ್ಮ ಸಹಿ ಹಾಕಿದರು. ಅಷ್ಟು ಜಾಲಿಸಿ ಆರಿಸಿದ ದೇಹ ಅದು.

ತರಬೇತಿಯ ದಿನಗಳನ್ನು ಇಲ್ಲಿ ಬೆಳೆಸುವುದಿಲ್ಲ. ಎಲ್ಲ ಸಿಪಾಯಿಗಳ ಹಾಗೆಯೇ ಅತ್ತೆ, ಕಲಿತೆ, ಕಸಂ ಪೆರೇಡಿನ ದಿನ ಅಪ್ಪನನ್ನು ಕರೆಸಿಕೊಂಡೆ. ಮುಂದಿನ ಎರಡು ವರ್ಷ ಒಂದು ದಿನವೂ ಸಿಕ್ ರಿಪೋರ್ಟಿಗೆ ಹೋದವನಲ್ಲ.

2001ರ ಡಿಸೆಂಬರ್ 13ರಂದು ಸಂಸತ್ತಿನ ಮೇಲೆ ದಾಳಿ ಆಯಿತು. ಕೆಲವೇ ದಿನಗಳಲ್ಲಿ ಸೈನ್ಯದ ದೊಡ್ಡ ಭಾಗ ಪಶ್ಚಿಮ ಗಡಿಗೆ ಸರಿಯಿತು. ಆಪರೇಷನ್ ಪರಾಕ್ರಮ್ ಎಂದು ಹೆಸರು. ಯುದ್ಧ ಆಗಲಿಲ್ಲ ಎಂದು ಜನ ಅದನ್ನು ಈಗ ಮರೆತಿದ್ದಾರೆ. ಆದರೆ 2002ರ ಅಕ್ಟೋಬರ್‌ವರೆಗೆ ಲಕ್ಷಾಂತರ ಸೈನಿಕರು ನಾಳೆಯೇ ಯುದ್ಧ ಎಂಬಂತೆ ಗಡಿಯಲ್ಲಿ ಕೂತಿದ್ದರು. ಮೈಲುಗಟ್ಟಲೆ ನೆಲದಲ್ಲಿ ಮೈನ್ ಹುಗಿದರು, ಹುಗಿಯುವಾಗಲೇ ಎಷ್ಟೋ ಜನ ಕಾಲು ಕಳೆದುಕೊಂಡರು, ಜೀವ ಕಳೆದುಕೊಂಡರು. ನಮ್ಮ ಪಲ್ಟಣ್ ಇದ್ದದ್ದು ರಾಜಸ್ಥಾನದ ಮರುಭೂಮಿಯಲ್ಲಿ. ಚಳಿಗಾಲದಲ್ಲಿ ಮರಳು ಮುಟ್ಟಿದರೆ ಬೆರಳು ಜೋಮು ಹಿಡಿಯುತ್ತಿತ್ತು, ಏಪ್ರಿಲ್ ಬರುವಷ್ಟರಲ್ಲಿ ಹಗಲು ಹೊತ್ತು ಬಂದೂಕಿನ ನಳಿಕೆ ಮುಟ್ಟುವಂತಿರಲಿಲ್ಲ. ಹಗಲು ಬಂಕರ್ ತೋಡುವುದು, ಇರುಳು ಪಹರೆ. ಎರಡು ತಾಸು ಪಹರೆ, ನಡುವೆ ಒರಗುವುದು, ಮತ್ತೆ ಪಹರೆ, ನಸುಕಿಗೆ ಎಲ್ಲರೂ ಎದ್ದು ಸ್ಟ್ಯಾಂಡ್-ಟು, ಅಂದರೆ ಬಂದೂಕು ಹಿಡಿದು ಸಜ್ಜಾಗಿ ನಿಲ್ಲುವುದು. ತಿಂಗಳುಗಟ್ಟಲೆ ಒಂದು ಇಡೀ ರಾತ್ರಿ ಮಲಗಿದ ನೆನಪು ನನಗಿಲ್ಲ. ನಿದ್ದೆಗೆಟ್ಟರೆ ಮೂರ್ಛೆ ಬರುವ ಸಾಧ್ಯತೆ ಹೆಚ್ಚು ಎಂದು ಈಗ ಯಾವ ನರರೋಗ ವೈದ್ಯರನ್ನು ಕೇಳಿದರೂ ಹೇಳುತ್ತಾರೆ.

ಒಂದು ನಸುಕಿನಲ್ಲಿ ನನಗೆ ಮೊದಲ ಸಲ ಫಿಟ್ಸ್ ಬಂತು. ನನಗೆ ಗೊತ್ತಿರುವುದು ಅದರ ಮುಂಚಿನ ಕ್ಷಣ ಮತ್ತು ಅದರ ಆಮೇಲಿನದು. ನಡುವೆ ಏನಾಯಿತೆಂದು ಹೇಳಿದವನು ಜೊತೆಗೆ ಪಹರೆಯಲ್ಲಿದ್ದ ಸಾತಾರದ ಹುಡುಗ. ಮರಳಿನ ಚೀಲಗಳ ಗೋಡೆಗೆ ಒರಗಿ ನಿಂತಿದ್ದವನು ಒಂದು ಕೂಗು ಹಾಕಿ ಬಿದ್ದೆನಂತೆ. ಗುಂಡು ತಗುಲಿತೆಂದು ಅವನು ನೆಲಕ್ಕೆ ಮಲಗಿ ನನ್ನ ಕಡೆ ತೆವಳಿ ಬಂದನಂತೆ. ಬಾಯಲ್ಲಿ ನೊರೆ, ರಕ್ತ. ನಾಲಿಗೆ ಕಚ್ಚಿಕೊಂಡಿದ್ದೆ. ಅವನು ತನ್ನ ಕೋಟು ಮಡಚಿ ನನ್ನ ತಲೆ ಕೆಳಗಿಟ್ಟು ಕೂತಿದ್ದ. ಎಚ್ಚರವಾದಾಗ ಅವನ ಮುಖ ಕಂಡಿತು, ಹೆಸರು ನೆನಪಾಗಲಿಲ್ಲ. ಒಂದೇ ಬಂಕರಿನಲ್ಲಿ ತಿಂಗಳುಗಟ್ಟಲೆ ಇದ್ದವನ ಹೆಸರು! ಆ ಭಯ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಮುಂದೆ ಮಿಲಿಟರಿ ಆಸ್ಪತ್ರೆ. ಮತ್ತೆ ಫಿಟ್ಸ್ ಬಂತು, ಗುಳಿಗೆ ಶುರುವಾಯಿತು. ನನ್ನ ಪಕ್ಕದ ಹಾಸಿಗೆಯಲ್ಲಿ ಶ್ರೀಕಾಕುಳಂ ಕಡೆಯ ಒಬ್ಬ ಸ್ಯಾಪರ್, ಅಂದರೆ ಇಂಜಿನಿಯರ್ ದಳದ ಸಿಪಾಯಿ, ಇದ್ದ. ಮೈನ್ ಹುಗಿಯುವಾಗ ಎಡಪಾದ ಹೋಗಿತ್ತು. ದೊಡ್ಡ ಅಧಿಕಾರಿಗಳು ವಾರ್ಡಿಗೆ ಬಂದಾಗ ಅವನ ಹತ್ತಿರ ನಿಂತು ಮಾತಾಡಿಸುತ್ತಿದ್ದರು, ಭುಜ ಮುಟ್ಟುತ್ತಿದ್ದರು, ಹಣ್ಣಿನ ಬುಟ್ಟಿ ಕೊಡುತ್ತಿದ್ದರು. ಅವನಿಗೆ ಸಿಕ್ಕ ಗೌರವ ಎಳ್ಳಷ್ಟೂ ಹೆಚ್ಚಾಗಿರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, ನಿನಗೇನಾಗಿದೆ ಎಂದು ಕೇಳುತ್ತಿದ್ದರು. ಹೇಳಿದರೆ ತಲೆ ಆಡಿಸಿ ಮುಂದಕ್ಕೆ ಹೋಗುತ್ತಿದ್ದರು. ಆ ಸ್ಯಾಪರ್ ಒಂದು ರಾತ್ರಿ ತನ್ನ ಪಾಲಿನ ಹಣ್ಣು ನನ್ನ ಕಡೆ ಚಾಚಿ ಹಿಂದಿಯಲ್ಲಿ ಹೇಳಿದ: ‘ನನ್ನದು ಎಲ್ಲರಿಗೂ ಕಾಣುತ್ತದೆ. ನಿನ್ನದು ಕಾಣುವುದಿಲ್ಲ. ಮುಂದೆ ನಿನಗೇ ಜಾಸ್ತಿ ಕಷ್ಟ ಇದೆ.’ ಇಪ್ಪತ್ತೈದು ದಾಟಿರದ ಹುಡುಗ ಅಷ್ಟು ದೂರ ಕಂಡಿದ್ದ.

ಅವನು ಹೇಳಿದ್ದರ ಹಿಂದೆ ಒಂದು ವ್ಯವಸ್ಥೆಯೇ ಇದೆ ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ಸೈನ್ಯದಲ್ಲಿ ಯಾರಿಗಾದರೂ ಗಾಯವಾದರೆ ಗಾಯದ ವರದಿ ಬರೆಯುತ್ತಾರೆ. ಎಲ್ಲಿ, ಎಷ್ಟು ಹೊತ್ತಿಗೆ, ಯಾವ ಡ್ಯೂಟಿಯಲ್ಲಿ, ಎಲ್ಲ ಅದರಲ್ಲಿ ನಮೂದಾಗುತ್ತದೆ. ರೋಗಕ್ಕೆ ಅಂಥ ವರದಿ ಇಲ್ಲ. ನಾನು ಪಹರೆಯ ಮೇಲೆ ಬಿದ್ದೆ ಎಂದು ಹೇಳುವ ಚೀಟಿ ಯಾವ ಕಡತದಲ್ಲೂ ಇರಲಿಲ್ಲ. ಕಮಾಂಡಿಂಗ್ ಅಧಿಕಾರಿ ತುಂಬಬೇಕಾದ ಒಂದು ಪುಟ ಮಾತ್ರ ವೈದ್ಯಕೀಯ ಮಂಡಳಿಯ ಕಾಗದದೊಳಗೆ ಸೇರಿರುತ್ತದೆ. ಅದನ್ನು ಸೈನಿಕನಿಗೆ ಯಾರೂ ತೋರಿಸುವುದಿಲ್ಲ.

2003ರಲ್ಲಿ ನನ್ನನ್ನು ಇಇಇ ವರ್ಗಕ್ಕೆ ಹಾಕಿದರು. ಸೇವೆಗೆ ಯೋಗ್ಯನಲ್ಲ ಎಂದು ಇದರರ್ಥ. ಅಂಗವೈಕಲ್ಯ 20 ಪ್ರತಿಶತ, ಜೀವನಪೂರ್ತಿ. ಮೇಜಿನ ಹಿಂದೆ ಕೂತವರು ನನ್ನನ್ನು ಹೆಚ್ಚು ಮಾತಾಡಿಸಲಿಲ್ಲ. ಸಹಿ ಹಾಕು ಎಂದಲ್ಲಿ ಹಾಕಿದೆ. ಕರಿ ಟ್ರಂಕಿನ ಮೇಲೆ ನನ್ನ ನಂಬರು, ರ‍್ಯಾಂಕು, ಹೆಸರು ಬಿಳಿ ಬಣ್ಣದಲ್ಲಿ ಬರೆದಿತ್ತು, ಅದನ್ನೇ ಹೊತ್ತು ಊರಿಗೆ ಬಂದೆ.

ಊರವರ ಮಾತು ಒಂದು ವಾರದಲ್ಲಿ ಶುರುವಾಯಿತು. ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಒಬ್ಬ ಹಿರಿಯ ಎಲ್ಲರ ಮುಂದೆ ಕೇಳಿದ: ‘ಯಾಕಪಾ, ಪಗಾರ ಪಿಂಚಣಿ ಏನೂ ಇಲ್ಲಂತ? ಓಡಿ ಬಂದಾವ್ರಿಗೆ ಅಷ್ಟ ಪಿಂಚಣಿ ಇರೂದಿಲ್ಲ.’ ಅವನಲ್ಲಿ ಕೆಟ್ಟತನ ಇರಲಿಲ್ಲ, ಅವನಿಗೆ ತಿಳಿದ ಲೆಕ್ಕ ಅದು. ಸೈನ್ಯದಿಂದ ಬಂದವನಿಗೆ ಪಿಂಚಣಿ ಬರುತ್ತದೆ, ಬರದಿದ್ದರೆ ಅವನಲ್ಲಿ ಏನೋ ಐಬಿರಬೇಕು. ಕೈಕಾಲು ಗಟ್ಟಿಯಾಗಿರುವ, ಮೈಮೇಲೆ ಒಂದು ಗಾಯದ ಗುರುತಿಲ್ಲದ ನಾನು ಏನು ತೋರಿಸಲಿ? ಎದುರಿಗೆ ಫಿಟ್ಸ್ ಬಂದರೆ ಮಾತ್ರ ನಂಬುತ್ತಿದ್ದರು. ಒಮ್ಮೆ ಸಂತೆಯಲ್ಲಿ ಬಂತು. ಯಾರೋ ಕೈಗೆ ಬೀಗದ ಕೈ ಗೊಂಚಲು ತುರುಕಿದರು, ಯಾರೋ ಚಪ್ಪಲಿ ಮೂಸಿಸಿದರು. ಅಂದಿನಿಂದ ಓಡಿ ಬಂದವನು ಎಂಬ ಮಾತು ನಿಂತಿತು, ಮೂರ್ಛೆ ಬ್ಯಾನಿಯವನು ಎಂಬುದು ಶುರುವಾಯಿತು.

ಕಾಗದದ ಆ ಸಾಲು ಬೇರೆ ಕಡೆಯೂ ಬಂದು ಬಡಿಯಿತು. ಸೇವೆಗೆ ಸಂಬಂಧವಿಲ್ಲ, ದೇಹಪ್ರಕೃತಿಯದು ಎಂದು ಸರ್ಕಾರವೇ ಬರೆದ ಮೇಲೆ, ಅದು ನಮ್ಮ ವಂಶದ ಕಾಯಿಲೆ ಎಂದೇ ಜನ ಓದಿಕೊಂಡರು. ನನ್ನ ತಂಗಿಯನ್ನು ನೋಡಲು ಬಂದವರೂ ಅದನ್ನೇ ಕೇಳಿದರು. ನನ್ನ ಮದುವೆಯ ಮಾತು ಬಂದಾಗ ಅಪ್ಪನಿಗೆ ಮುಚ್ಚಿಡುವ ಮನಸ್ಸಿತ್ತು, ನಾನು ಒಪ್ಪಲಿಲ್ಲ. ಹುಡುಗಿಯ ಸೋದರಮಾವ ಸವದತ್ತಿಯಲ್ಲಿ ವಕೀಲರ ಹತ್ತಿರ ಗುಮಾಸ್ತನಾಗಿದ್ದ. ಡಿಸ್ಚಾರ್ಜ್ ಪುಸ್ತಕ ತರಿಸಿಕೊಂಡು ಓದಿದ. ಹಿಂದೂ ವಿವಾಹ ಕಾಯಿದೆಯಲ್ಲಿ ಮೂರ್ಛೆ ರೋಗ ಇದ್ದವರ ಮದುವೆ ರದ್ದು ಮಾಡಿಸಲು ಮೊದಲು ಅವಕಾಶ ಇತ್ತು, 1999ರ ತಿದ್ದುಪಡಿಯಲ್ಲಿ ಅದನ್ನು ತೆಗೆದುಹಾಕಿದ್ದಾರೆ ಎಂದು ನನಗೆ ಮೊದಲು ಹೇಳಿದವನು ಆತನೇ. ಮನೆಯವರ ಕಡೆ ತಿರುಗಿ, ‘ಕಾಯ್ದೇನ ಬಿಟ್ಟ ಕೊಟ್ಟೈತಿ, ನಾವ್ಯಾಕ ಹಿಡಕೊಂಡ ಕೂಡೂದು? ಹುಡುಗೀನ್ನ ಕೇಳ್ರಿ’ ಅಂದ. ಕೇಳಿದರು. ಅವಳು ಗುಳಿಗೆ ದಿನಾ ತಗೋತಾರೋ ಇಲ್ಲೋ ಎಂದಷ್ಟೇ ವಿಚಾರಿಸಿದಳು. 2006ರಲ್ಲಿ ಮದುವೆಯಾಯಿತು. ಎಪ್ಟಾಯಿನ್ ಗುಳಿಗೆಯಿಂದ ನನ್ನ ಒಸಡು ಉಬ್ಬಿದ್ದನ್ನು ಮೊದಲು ಗಮನಿಸಿ ಹುಬ್ಬಳ್ಳಿ ಕಿಮ್ಸ್‌ಗೆ ಕರೆದೊಯ್ದು ಔಷಧ ಬದಲಾಯಿಸಿದವಳೂ ಅವಳೇ.

ಇನ್ನು ಆ ಸಾಲು ಕಿತ್ತುಕೊಂಡದ್ದೇನು ಎಂಬುದನ್ನು ಹೇಳುತ್ತೇನೆ. ಸೇನೆಯ 1961ರ ಪಿಂಚಣಿ ನಿಯಮಾವಳಿಯ 173ನೇ ನಿಯಮದ ಪ್ರಕಾರ ಅಂಗವೈಕಲ್ಯ ಪಿಂಚಣಿ ಸಿಗಬೇಕಾದರೆ ಕಾಯಿಲೆ ಸೇವೆಯಿಂದ ಬಂದಿರಬೇಕು ಇಲ್ಲವೆ ಸೇವೆಯಿಂದ ಉಲ್ಬಣಿಸಿರಬೇಕು, ಮತ್ತು ಅದು 20 ಪ್ರತಿಶತ ಅಥವಾ ಹೆಚ್ಚಿರಬೇಕು. ಸಂಬಂಧವಿಲ್ಲ ಎಂದರೆ ಅದು ಇಲ್ಲ. ಹತ್ತು ವರ್ಷ ಸೇವೆ ಆಗಿರದಿದ್ದರೆ ಆಗಿನ ನಿಯಮದಂತೆ, ಕಾಯಿಲೆಯಿಂದ ಹೊರಬಿದ್ದವರಿಗೆ ಕೊಡುವ ಇನ್‌ವ್ಯಾಲಿಡ್ ಪಿಂಚಣಿಯೂ ಇಲ್ಲ, ಕೈಗೊಂದಿಷ್ಟು ಗ್ರಾಚ್ಯುಟಿ ಅಷ್ಟೆ. ಅದಕ್ಕಿಂತ ನೋಯಿಸಿದ್ದು ಇನ್ನೊಂದು. ನನ್ನ ಹಾಗೆ ಕಾಯಿಲೆಯಿಂದ ಬೇಗ ಹೊರಬಂದವನು ಸೇವೆಯ ಕಾರಣಕ್ಕೆ ಹೊರಬಂದು ಪಿಂಚಣಿ ಪಡೆದಿದ್ದರೆ ಮಾತ್ರ ಮಾಜಿ ಸೈನಿಕ. ಅಂದರೆ ನಾನು ಮಾಜಿ ಸೈನಿಕನೂ ಅಲ್ಲ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಗುರುತಿನ ಚೀಟಿ ಇಲ್ಲ, ಕ್ಯಾಂಟೀನ್ ಇಲ್ಲ, ಇಸಿಎಚ್‌ಎಸ್ ಆಸ್ಪತ್ರೆ ಇಲ್ಲ. ಆಗಸ್ಟ್ 15ರಂದು ಶಾಲೆಯ ಅಂಗಳದಲ್ಲಿ ಊರಿನ ಮಾಜಿ ಸೈನಿಕರನ್ನು ಸಾಲಾಗಿ ಕೂರಿಸಿ ಹಾರ ಹಾಕುತ್ತಿದ್ದರು. ನಾನು ಹೊಲಕ್ಕೆ ಹೋಗಿಬಿಡುತ್ತಿದ್ದೆ.

ಮೊದಲ ಮೇಲ್ಮನವಿ ತಳ್ಳಿಹಾಕಿದರು. ಎರಡನೆಯದಕ್ಕೂ ಅದೇ ಉತ್ತರ. ಎರಡು ಪತ್ರಗಳಲ್ಲೂ ಹಳೆಯ ಸಾಲೇ ತಿರುಗಿ ಬಂದಿತ್ತು, ಯಾಕೆ ಸಂಬಂಧವಿಲ್ಲ ಎಂಬುದಕ್ಕೆ ಒಂದಕ್ಷರ ವಿವರಣೆ ಇರಲಿಲ್ಲ. ಆಮೇಲೆ ಕೆಲವು ವರ್ಷ ನಾನು ಆ ಟ್ರಂಕನ್ನೇ ತೆರೆಯಲಿಲ್ಲ.

ಮತ್ತೆ ತೆರೆಯಿಸಿದವರು ಪಕ್ಕದೂರಿನ ನಿವೃತ್ತ ಸುಭೇದಾರರು. ಸೊಸೈಟಿಯಲ್ಲಿ ಗೊಬ್ಬರದ ಸಾಲಿನಲ್ಲಿ ನಿಂತಾಗ ಪರಿಚಯವಾದರು. ನನ್ನ ಹಳೆಯ ಅರ್ಜಿಗಳನ್ನೆಲ್ಲ ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ‘ತಮ್ಮಾ, ಎಲ್ಲಾ ಕಡೆ ಕೈ ಮುಗದಿ, ಬಡವ ಅಂತ ಬರದಿ, ಮಕ್ಕಳ ಅದಾವ ಅಂತ ಬರದಿ. ಇದರಾಗ ನಿನ್ನ ಹಕ್ಕ ಎಲ್ಲೈತಿ? ಎತ್ತ ಬಾಡಿಗಿ ತಂದಾಂವ ತಿರುಗಿ ಕೊಡೂವಾಗ, ಇದು ಮೊದಲ ಕುಂಟ ಇತ್ತು ಅಂದ್ರ ಯಾರರ ಕೇಳ್ತಾರೇನು? ಒಯ್ಯೂವಾಗ ಕಾಲ ನೋಡಿ ಒಯ್ದಿಯಲ್ಲೋ ಅಂತಾರ. ನಿನ್ನನ್ನ ತಗೊಳ್ಳೂವಾಗ ಏನ ಬರದಾರ, ಬಿಡೂವಾಗ ಏನ ಬರದಾರ, ಎರಡೂ ಕಾಗದ ತರಸು. ಬಾಜೂಕ ಬಾಜೂಕ ಇಡು.’

‘ಕೊಡ್ತಾರೇನ್ರಿ ಸಾಹೇಬ್ರ?’ ಎಂದೆ.

‘2005ರ ಮಾಹಿತಿ ಹಕ್ಕು ಕಾಯ್ದೆ ಯಾತಕ್ಕೈತಿ? ಹತ್ತ ರೂಪಾಯಿ ಪೋಸ್ಟಲ್ ಆರ್ಡರ್ ಹಚ್ಚು. ಲಗೂ ಮಾಡು. ಪಿಂಚಣಿ ಇಲ್ಲದವರ ಕಾಗದ ಇಪ್ಪತ್ತೈದ ವರ್ಷ ಆದ ಮ್ಯಾಲ ಇಡೂದಿಲ್ಲ, ನಾಶ ಮಾಡ್ತಾರ.’

ಪ್ರತಿಗಳು ಬಂದವು. ಮಸುಕಾದ ಝೆರಾಕ್ಸ್. ನಾನೂ ಹೆಂಡತಿಯೂ ದೀಪದ ಕೆಳಗೆ ಹಾಸಿಕೊಂಡು ಕೂತೆವು. 1998ರ ಹಾಳೆಯಲ್ಲಿ ಫಿಟ್ಸ್ ಎಂಬುದರ ಎದುರು ಇಲ್ಲ ಎಂದಿತ್ತು, ಕೆಳಗೆ ಸೇನೆಯ ಡಾಕ್ಟರ ಸಹಿ. 2003ರ ಹಾಳೆಯಲ್ಲಿ, ಸೇವೆಗೆ ಸೇರುವ ಮುಂಚೆ ಈ ಕಾಯಿಲೆ ಇತ್ತೆ ಎಂಬ ಪ್ರಶ್ನೆಗೂ ಇಲ್ಲ ಎಂದೇ ಬರೆದಿದ್ದರು! ಮುಂಚೆ ಇರಲಿಲ್ಲ, ಸೇವೆಯಲ್ಲಿದ್ದಾಗ ಬಂತು, ಆದರೆ ಸೇವೆಗೆ ಸಂಬಂಧವಿಲ್ಲ. ಮೂರೂ ಮಾತು ಒಂದೇ ಕಾಗದದಲ್ಲಿ. ನಡುವೆ ಕಮಾಂಡಿಂಗ್ ಅಧಿಕಾರಿಯ ಪುಟ ಇತ್ತು. ಕಾಯಿಲೆ ಕಾಣಿಸಿಕೊಂಡಾಗ ಈತ ಆಪರೇಷನ್ ಪರಾಕ್ರಮ್‌ನಲ್ಲಿ, ಮುಂಚೂಣಿ ಪ್ರದೇಶದಲ್ಲಿ, ರಾತ್ರಿ ಪಹರೆ ಡ್ಯೂಟಿಯಲ್ಲಿದ್ದ ಎಂದು ಆತ ತನ್ನ ಕೈಯಾರೆ ಬರೆದಿದ್ದ. ನನ್ನ ಬಗ್ಗೆ ಒಬ್ಬರು ನಿಜ ಬರೆದಿದ್ದರು, ಅದು ಅಷ್ಟು ವರ್ಷ ಕಡತದಲ್ಲೇ ಕೂತಿತ್ತು. ಆ ರಾತ್ರಿ ನಾನು ಅತ್ತೆ.

1982ರ ಅರ್ಹತಾ ನಿಯಮಗಳನ್ನು ಆಮೇಲೆ ಸುಭೇದಾರರ ಜೊತೆ ಕೂತು ಒಂದೊಂದಾಗಿ ಓದಿದೆ. ಬರೆದವರು ಸೈನಿಕನ ಬದುಕು ಬಲ್ಲವರು. ಸೇರುವಾಗ ಕಾಗದದಲ್ಲಿ ಕಾಯಿಲೆಯ ನಮೂದಿಲ್ಲದಿದ್ದರೆ ಅವನು ಆಗ ಆರೋಗ್ಯವಾಗಿದ್ದ ಎಂದೇ ತಿಳಿಯಬೇಕು, ಆಮೇಲೆ ಆರೋಗ್ಯ ಕೆಟ್ಟು ಹೊರಬಂದರೆ ಅದು ಸೇವೆಯಿಂದ ಆದದ್ದೆಂದು ಭಾವಿಸಬೇಕು. ರುಜುವಾತಿನ ಭಾರ ಸೈನಿಕನದಲ್ಲ. ಅನುಮಾನವಿದ್ದರೆ ಅದರ ಲಾಭ ಅವನಿಗೆ, ಮುಂಚೂಣಿಯಲ್ಲಿದ್ದವನಿಗಂತೂ ಇನ್ನೂ ಉದಾರವಾಗಿ. ಸೇರುವಾಗಿನ ತಪಾಸಣೆಯಲ್ಲಿ ಪತ್ತೆಯಾಗುವಂಥ ಕಾಯಿಲೆ ಅದಲ್ಲ ಎಂದು ವೈದ್ಯರಿಗೆ ಅನಿಸಿದರೆ ಕಾರಣ ಬರೆಯಬೇಕು. ಇಷ್ಟು ಚೆನ್ನಾಗಿ ಬರೆದ ನಿಯಮ ಇರುವಾಗಲೇ ನನ್ನಂಥವರು ಸಾವಿರಾರು ಕೈಮುಗಿದ ಅರ್ಜಿ ಬರೆಯುತ್ತಿದ್ದೆವು. ಕಾಗದ ಎಲ್ಲವೂ ಸರ್ಕಾರದ ಕೈಯಲ್ಲಿ, ಸಾಬೀತು ಮಾಡುವ ಹೊರೆ ಮಾತ್ರ ಕಾಯಿಲೆಬಿದ್ದವನ ತಲೆ ಮೇಲೆ. ಇದು ಅನ್ಯಾಯ ಎಂದು ಆಗಲೂ ಅಂದೆ, ಈಗಲೂ ಅನ್ನುತ್ತೇನೆ.

2013ರ ಜುಲೈನಲ್ಲಿ ಸುಪ್ರೀಂ ಕೋರ್ಟು ಧರಮ್‌ವೀರ್ ಸಿಂಗ್ ಪ್ರಕರಣದ ತೀರ್ಪು ಕೊಟ್ಟಿತು. ಆತ 1985ರಲ್ಲಿ ಸಿಗ್ನಲ್ಸ್ ಸೇರಿದವನು, 1994ರಲ್ಲಿ ಫಿಟ್ಸ್ ಕಾರಣಕ್ಕೆ ಹೊರಬಂದವನು. 20 ಪ್ರತಿಶತ, ಸೇವೆಗೆ ಸಂಬಂಧವಿಲ್ಲ. ನನ್ನ ಕಥೆಯನ್ನೇ ಬೇರೆ ಹೆಸರಿನಲ್ಲಿ ಓದಿದ ಹಾಗಾಯಿತು. ಸೇರುವಾಗ ನಮೂದಿಲ್ಲ, ಮಂಡಳಿ ಕಾರಣ ಕೊಟ್ಟಿಲ್ಲ, ಆದ್ದರಿಂದ ಪಿಂಚಣಿ ಕೊಡಿ ಎಂದು ನ್ಯಾಯಾಲಯ ಹೇಳಿತ್ತು. ಮರುವರ್ಷ ಸುಖ್ವಿಂದರ್ ಸಿಂಗ್ ಪ್ರಕರಣದಲ್ಲಿ, ವೈದ್ಯಕೀಯ ಕಾರಣಕ್ಕೆ ಹೊರಹಾಕಿದ್ದಾರೆಂದರೆ ಅಂಗವೈಕಲ್ಯ 20 ಪ್ರತಿಶತಕ್ಕಿಂತ ಹೆಚ್ಚೆಂದೇ ತಿಳಿಯಬೇಕು ಎಂದಿತು. 2015ರ ಫೆಬ್ರವರಿಯಲ್ಲಿ ರಾಜ್‌ಬೀರ್ ಸಿಂಗ್ ಪ್ರಕರಣದ ಜೊತೆ ಕೇಂದ್ರ ಸರ್ಕಾರದ ಮೇಲ್ಮನವಿಗಳ ಒಂದು ಗುಂಪೇ ವಜಾ ಆಯಿತು. ಗೆದ್ದ ಸೈನಿಕನನ್ನು ಮತ್ತೆ ಸುಪ್ರೀಂ ಕೋರ್ಟಿಗೆ ಎಳೆಯುವುದು ಆಗ ರೂಢಿಯೇ ಆಗಿತ್ತು. ಅದೇ ವರ್ಷ ರಕ್ಷಣಾ ಸಚಿವರಾಗಿದ್ದ ಮನೋಹರ ಪರ್ರಿಕರ್ ಇಂಥ ಮೊಕದ್ದಮೆ ತಗ್ಗಿಸಲು ತಜ್ಞರ ಸಮಿತಿ ನೇಮಿಸಿದರು. ನಮ್ಮಂಥವರ ಪಾಲಿಗೆ ಅದು ಸಣ್ಣ ಸಂಗತಿಯಾಗಿರಲಿಲ್ಲ.

ಸೈನಿಕರ ಸೇವಾ ತಕರಾರುಗಳಿಗೆಂದು 2007ರ ಕಾಯಿದೆಯಡಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಹುಟ್ಟಿಕೊಂಡಿದೆ. ಕರ್ನಾಟಕದ ಪ್ರಕರಣಗಳು ಅದರ ಕೊಚ್ಚಿ ಪೀಠಕ್ಕೆ ಹೋಗುತ್ತವೆ. 2014ರಲ್ಲಿ ಅಲ್ಲಿ ಅರ್ಜಿ ಹಾಕಿದೆ. ನನ್ನ ವಕೀಲರು ಸ್ವತಃ ಸೈನ್ಯದಲ್ಲಿದ್ದವರು, ಬೆಳಗಾವಿ ರೈಲಿನಿಂದ ಇಳಿದು ಬಂದ ನನಗೆ ಮೊದಲು ತಿಂಡಿ ತಿನ್ನಿಸಿ ಆಮೇಲೆ ಕಡತ ಬಿಚ್ಚುತ್ತಿದ್ದರು. ಪೀಠದಲ್ಲಿ ಒಬ್ಬರು ನ್ಯಾಯಾಧೀಶರು, ಪಕ್ಕದಲ್ಲಿ ನಿವೃತ್ತ ಸೇನಾಧಿಕಾರಿ. ತಡವಾಗಿ ಬಂದಿದ್ದೀರಿ ಎಂದು ಎದುರು ಪಕ್ಷ ವಾದಿಸಿತು. ಅದಕ್ಕೆ ನಮ್ಮವರು ತರ್ಸೇಮ್ ಸಿಂಗ್ ಪ್ರಕರಣ ತೋರಿಸಿದರು. ಆತನೂ ಕಾಯಿಲೆಯಿಂದ ಹೊರಬಂದ ಸೈನಿಕ, ಬಹಳ ವರ್ಷ ತಡೆದು ಕೋರ್ಟಿಗೆ ಹೋದವನು. ಪಿಂಚಣಿ ತಪ್ಪಿಸುವುದು ತಿಂಗಳು ತಿಂಗಳು ಮುಂದುವರಿಯುವ ಅನ್ಯಾಯ, ಹಾಗಾಗಿ ಅರ್ಜಿ ಕೇಳಬೇಕು, ಹಳೆ ಬಾಕಿ ಮಾತ್ರ ಮೂರು ವರ್ಷದ್ದಷ್ಟೇ ಎಂದು 2008ರಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು.

ವಿಚಾರಣೆಯ ದಿನ ಪೀಠದ ಸೇನಾಧಿಕಾರಿ ಸದಸ್ಯರು ಕಮಾಂಡಿಂಗ್ ಅಧಿಕಾರಿಯ ಪುಟವನ್ನು ತಮ್ಮ ಮುಂದೆ ಎಳೆದುಕೊಂಡು ನಿಧಾನವಾಗಿ ಓದಿದರು. ತಲೆ ಎತ್ತಿ ಹಿಂದಿನ ಬೆಂಚಿನಲ್ಲಿ ಕೂತಿದ್ದ ನನ್ನನ್ನು ನೋಡಿ, ಪಲ್ಟಣ್ ಯಾವ ಸೆಕ್ಟರಿನಲ್ಲಿತ್ತು ಎಂದು ಹಿಂದಿಯಲ್ಲಿ ಕೇಳಿದರು. ಎದ್ದು ನಿಂತೆ. ಅಭ್ಯಾಸಬಲದಿಂದ ಕೈ ಮುಷ್ಟಿಯಾಗಿ ಪಕ್ಕಕ್ಕೆ ಅಂಟಿಕೊಂಡಿತು. ಹೇಳಿದೆ. ಆ ಬೇಸಿಗೆ ನನಗೂ ಗೊತ್ತು ಎಂದರು. ಸೈನ್ಯದ ಒಬ್ಬರು ನನ್ನನ್ನು ಸೈನಿಕ ಎಂದು ತಿಳಿದು ಮಾತಾಡಿಸಿದ್ದು ಊರಿಗೆ ಬಂದ ಮೇಲೆ ಅದೇ ಮೊದಲು.

2016ರಲ್ಲಿ ಆದೇಶ ಬಂತು. ಕಾಯಿಲೆ ಸೇವೆಯಿಂದ ಉಲ್ಬಣಿಸಿದ್ದು ಎಂದು ದಾಖಲಾಯಿತು. 20 ಪ್ರತಿಶತವನ್ನು ನಿಯಮದಂತೆ 50ಕ್ಕೆ ಏರಿಸಿದರು, ರಾಮ್ ಅವತಾರ್ ಪ್ರಕರಣದಲ್ಲಿ 2014ರಲ್ಲೇ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದಿತ್ತು. ಅರ್ಜಿ ಹಾಕಿದ್ದಕ್ಕಿಂತ ಮೂರು ವರ್ಷ ಹಿಂದಿನಿಂದ ಬಾಕಿ. ಅದಕ್ಕೂ ಹಿಂದಿನ ವರ್ಷಗಳು ಹೋದವು. ಹಣ ಬಂದಾಗ ಬಾವಿಯ ಸಾಲ ತೀರಿಸಿ ಮಗಳನ್ನು ಧಾರವಾಡದಲ್ಲಿ ಓದಲು ಹಾಕಿದೆವು. ಗುರುತಿನ ಚೀಟಿ ಬಂದ ದಿನ ಅವ್ವ ಅದನ್ನು ಕೈಯಲ್ಲಿ ಹಿಡಿದು, ‘ಅಂದ್ರ ಇದು ನಮ್ಮ ಮನಿತನದ ಬ್ಯಾನಿ ಅಲ್ಲ ಅಂತ ಅವರ ಬರದ ಕೊಟ್ಟಾರ, ಹೌದಿಲ್ಲೋ?’ ಎಂದಳು. ತಂಗಿಯ ಮದುವೆ ತಡವಾದ ನೋವು ಅವಳ ಎದೆಯಲ್ಲಿ ಅಷ್ಟು ವರ್ಷ ಇತ್ತೆಂದು ನನಗೆ ಆಗ ಗೊತ್ತಾಯಿತು.

ಆಮೇಲೆ ನಿಯಮಗಳು ಬದಲಾಗಿವೆ. 2020ರ ಜುಲೈ ಆದೇಶದಿಂದ, ಸೇವೆಗೆ ಸಂಬಂಧವಿಲ್ಲದ ಕಾಯಿಲೆಯಿಂದ ಹತ್ತು ವರ್ಷದೊಳಗೆ ಹೊರಬಿದ್ದು ಹೊರಗೂ ದುಡಿಯಲಾರದ ಸ್ಥಿತಿಗೆ ಬಂದವರಿಗೆ ಇನ್‌ವ್ಯಾಲಿಡ್ ಪಿಂಚಣಿ ಸಿಗುವಂತಾಗಿದೆ. ಆದರೆ 2019ರ ಜನವರಿ 4ಕ್ಕೆ ಅಥವಾ ಆಮೇಲೆ ಸೇವೆಯಲ್ಲಿದ್ದವರಿಗೆ ಮಾತ್ರ. ಅಂಗವೈಕಲ್ಯದ ಅರ್ಹತೆಗೆ 2023ರ ಸೆಪ್ಟೆಂಬರ್‌ನಿಂದ ಹೊಸ ನಿಯಮಗಳಿವೆ. 2022ರಿಂದ ಸೇರುತ್ತಿರುವ ಅಗ್ನಿವೀರರಿಗೆ ಪಿಂಚಣಿಯ ಮಾತೇ ಇಲ್ಲ. ಸೇವೆಯಿಂದ ಆದ ಅಂಗವೈಕಲ್ಯ 100, 75 ಅಥವಾ 50 ಪ್ರತಿಶತ ಇದ್ದರೆ ಕ್ರಮವಾಗಿ 44, 25, 15 ಲಕ್ಷ ರೂಪಾಯಿ ಒಮ್ಮೆ ಕೊಡುತ್ತಾರೆ. ಅಲ್ಲಿಯೂ ಬಾಗಿಲು ತೆರೆಯುವುದು ಅದೇ ಮೂರು ಪ್ರಶ್ನೆಗಳ ಉತ್ತರ. ನಾಲ್ಕೇ ವರ್ಷದ ಸೇವೆಯ ಹುಡುಗ ಅದನ್ನು ಪ್ರಶ್ನಿಸಲು ಯಾರ ಹತ್ತಿರ ಹೋಗಬೇಕು ಎಂಬುದನ್ನು ಸೇರಿಸಿಕೊಳ್ಳುವ ದಿನವೇ ಹೇಳಿಕೊಡಬೇಕು. 2025ರಲ್ಲಿ ಕೂಡ ಬಿಜೇಂದರ್ ಸಿಂಗ್ ಎಂಬ, ಸಿಯಾಚಿನ್‌ನಲ್ಲಿ ಕೆಲಸ ಮಾಡಿ ಫಿಟ್ಸ್ ಬಂದು 1989ರಲ್ಲಿ ಹೊರಬಿದ್ದ ಸೈನಿಕ ಸುಪ್ರೀಂ ಕೋರ್ಟಿನವರೆಗೆ ಹೋಗಿಯೇ ಪಿಂಚಣಿ ಪಡೆದ. ಮೂವತ್ತಾರು ವರ್ಷ! ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ.

ಸುಭೇದಾರರು ಈಗಿಲ್ಲ. ಅವರು ಮಾಡುತ್ತಿದ್ದ ಕೆಲಸ ನನ್ನ ಪಾಲಿಗೆ ಬಂದಿದೆ. ಭಾನುವಾರ ಯಾರಾದರೂ ಒಬ್ಬರು ಪ್ಲಾಸ್ಟಿಕ್ ಚೀಲದಲ್ಲಿ ಕಾಗದ ತುಂಬಿಕೊಂಡು ಬರುತ್ತಾರೆ. ಹೋದ ವರ್ಷ ರಾಮದುರ್ಗ ಕಡೆಯಿಂದ ಒಬ್ಬ ಬಂದ, 2004ರಲ್ಲಿ ಕಿವಿ ಕೇಳುವುದಿಲ್ಲ ಎಂದು ಮನೆಗೆ ಕಳಿಸಲ್ಪಟ್ಟವನು, ಫಿರಂಗಿಯ ಪಕ್ಕದಲ್ಲಿ ಕೆಲಸ ಮಾಡಿದವನು. ನನ್ನ ಮಾತನ್ನು ಅವನ ಹೆಂಡತಿ ಎರಡೆರಡು ಸಲ ಗಟ್ಟಿಯಾಗಿ ಹೇಳಿ ಅವನಿಗೆ ತಿಳಿಸಿದಳು. ಅವನೂ ಹಳೆ ಅರ್ಜಿಯಲ್ಲಿ ಬಡತನವನ್ನೇ ಬರೆದಿದ್ದ. ಅದನ್ನು ಪಕ್ಕಕ್ಕಿಟ್ಟು, ಸೇರುವಾಗಿನ ತಪಾಸಣೆಯ ಹಾಳೆ ಮತ್ತು ಮಂಡಳಿಯ ಪೂರ್ತಿ ಕಾಗದ ಬೇಕೆಂದು ರೆಕಾರ್ಡ್ಸ್ ಆಫೀಸಿಗೆ ಮಾಹಿತಿ ಹಕ್ಕಿನ ಅರ್ಜಿ ಬರೆದೆವು. ಇಪ್ಪತ್ತೈದು ವರ್ಷ ತುಂಬಲು ಇನ್ನೂ ಸಮಯವಿತ್ತು. ಕಾಗದಗಳು ಬಂದಿವೆ, ಸೇರುವಾಗ ಎರಡೂ ಕಿವಿ ಸರಿಯಾಗಿ ಕೇಳುತ್ತಿದ್ದವು ಎಂದು ಅವುಗಳಲ್ಲಿ ಬರೆದಿದೆ. ಅವನ ಅರ್ಜಿ ಈಗ ಕೊಚ್ಚಿ ಪೀಠದಲ್ಲಿದೆ, ಮುಂದಿನ ತಾರೀಖಿಗೆ ನಾನೂ ಅವನ ಜೊತೆ ಹೋಗುತ್ತಿದ್ದೇನೆ.